ಪರರಾಜ್ಯದಲ್ಲಿ ಜಮೀನನ್ನು ಕೊಳ್ಳತಕ್ಕವರು ಮೊದಲು ವಿಚಾರಿಸಬೇಕಾದ ಸಂಗತಿಗಳು

ಬೆಂಗಳೂರಿನ ಸುತ್ತಣ ತಾಲ್ಲೂಕುಗಳಲ್ಲಿಯೂ ಇತರ ದೊಡ್ಡ ಪಟ್ಟಣಗಳ ಆಸುಪಾಸಿನಲ್ಲಿಯೂ ವ್ಯವಸಾಯದ ಭೂಮಿಯು ಕಟ್ಟಡಗಳಿಗೂ ಕೈಗಾರಿಕೆಗಳಿಗೂ ರಸ್ತೆಗಳಿಗೂ ಹೋಗುತ್ತಿರುವುದು ಎಲ್ಲರೂ ಬಲ್ಲ ಸಂಗತಿಯಾಗಿದೆ. ಹೀಗೆ ಜಮೀನನ್ನು ಮಾರಿದ ರೈತರ ಪೈಕಿ ಅನೇಕರು ಬಂದ ಹಣದಿಂದ ಮತ್ತೆ ಭೂಮಿಯನ್ನೇ ಕೊಳ್ಳಬೇಕೆಂದು ಅಪೇಕ್ಷಿಸುವರು. ಈ ಅಪೇಕ್ಷೆಯು ಶ್ಲಾಘ್ಯವಾದದ್ದೇ ಸರಿ. ಆದರೆ ತಮ್ಮ ಸೀಮೆಯಲ್ಲಿ ಬೆಲೆಯು ಕೈಗೆಟುಕದಷ್ಟು ಏರಿರುವುದರಿಂದ, ಅವರು ಗಡಿಯನ್ನು ದಾಟಿ ಮಡಕಶಿರಾ, ಹಿಂದೂಪುರ, ರಾಯದುರ್ಗ, ಡೆಂಕಣಿಕೋಟೆ, ತಾಳವಾಡಿ, ಜತ್ತ, ಅಕ್ಕಲಕೋಟೆ ಮೊದಲಾದ ಕಡೆಗಳಲ್ಲಿ ವಿಚಾರಿಸತೊಡಗುವರು. ಅಲ್ಲಿ ಕನ್ನಡ ಮಾತನಾಡುವ ಜನರೂ ಇರುವರು; ಒಂದು ಎಕರೆಯನ್ನು ಮಾರಿದ ಹಣಕ್ಕೆ ಹಲವು ಎಕರೆಗಳು ದೊರೆಯುವವೆಂಬ ಮಾತೂ ಕಿವಿಗೆ ಇಂಪಾಗಿರುವುದು.

ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ಹತ್ತಿರ ಹೋಗಿ ನೋಡದೆ ಹಣ ಕೊಟ್ಟವನಿಗೆ ಅದರ ಕಲ್ಲುಮುಳ್ಳುಗಳು ತಿಳಿಯುವುದು ತಡವಾಗಿಯೇ. ತಾತಮುತ್ತಾತಂದಿರ ಕಾಲದಿಂದ ಬಂದ ಆಸ್ತಿಯು ಒಮ್ಮೆ ಹಣವಾಗಿ, ಆ ಹಣವು ಮತ್ತೆ ತಪ್ಪು ಜಾಗದಲ್ಲಿ ಭೂಮಿಯಾದರೆ, ಆ ಕುಟುಂಬಕ್ಕೆ ಮೂರನೆಯ ಅವಕಾಶವು ಸಾಮಾನ್ಯವಾಗಿ ಇರುವುದಿಲ್ಲ. ಆದಕಾರಣ ಎಕರೆಯ ಬೆಲೆಯನ್ನು ಕಟ್ಟಕಡೆಗೆ ವಿಚಾರಿಸತಕ್ಕದ್ದು. ಅದಕ್ಕೆ ಮುಂಚೆ ಕೊಳ್ಳುವ ಹಕ್ಕು, ನೀರು, ಮಣ್ಣು, ದಾಖಲೆ, ಮಾರುಕಟ್ಟೆ ಎಂಬ ಐದನ್ನು ಈ ಅನುಕ್ರಮದಲ್ಲಿಯೇ ಪರೀಕ್ಷಿಸತಕ್ಕದ್ದು. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಮಿಕ್ಕ ನಾಲ್ಕು ಅದನ್ನು ಸರಿಪಡಿಸಲಾರವು.

ಹಿಂದೆ ವಲಸೆ ಬಂದವರಿಂದ ಕಲಿಯಬಹುದಾದ ಪಾಠ

ಭೂಮಿಗಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವುದು ಹೊಸ ವಿಷಯವಲ್ಲ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ, ಕರಾವಳಿ ಆಂಧ್ರದ ಗೋದಾವರೀ ಕೃಷ್ಣಾ ಮುಖಜಭೂಮಿಗಳಿಂದ ಅನೇಕ ಕುಟುಂಬಗಳು ಗಂಗಾವತಿ, ಕಾರಟಗಿ, ಸಿಂಧನೂರು ಮೊದಲಾದ ಕಡೆಗಳಿಗೆ ಬಂದು ಜಮೀನುಗಳನ್ನು ಕೊಂಡು ನೆಲೆಸಿದವು. ಅವರ ವಸತಿಗಳನ್ನು ಈಗಲೂ ಜನರು ಕ್ಯಾಂಪುಗಳೆಂದೇ ಕರೆಯುವರು. ಸ್ಥಳೀಯರು ಜೋಳ ಹತ್ತಿಗಳನ್ನು ಮಳೆಯ ಆಧಾರದಿಂದ ಬೆಳೆಯುತ್ತಿದ್ದ ಎರೆಯ ಭೂಮಿಯನ್ನು ಆಗ ಬಹಳ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಬಂದವರಾದರೋ ಕಾಲುವೆಯ ನೀರನ್ನು ಬಳಸುವ ಕ್ರಮವನ್ನೂ ಗದ್ದೆಯನ್ನು ಮಟ್ಟ ಮಾಡುವ ಕೆಲಸವನ್ನೂ ಬತ್ತದ ಬೇಸಾಯವನ್ನೂ ಚಿಕ್ಕಂದಿನಿಂದ ಬಲ್ಲವರು. ಅವರು ಅಗ್ಗದ ನೆಲವನ್ನು ಮಾತ್ರ ನೋಡಿ ಬಂದವರಲ್ಲ. ತಮಗೆ ತಿಳಿದಿದ್ದ ಬೇಸಾಯಕ್ಕೆ ಬೇಕಾದ ನೀರು ಎಲ್ಲಿದೆಯೆಂದು ಹುಡುಕಿಕೊಂಡು ಬಂದವರು. ಅವರ ಏಳಿಗೆಗೆ ಇದೇ ಮುಖ್ಯ ಕಾರಣವಾಯಿತು.

ಇದೇ ಸೀಮೆಯಲ್ಲಿ ಎಚ್ಚರಿಕೆಯ ಪಾಠವೂ ಉಂಟು. ಎಡದಂಡೆಯ ಕಾಲುವೆಯು ಜೋಳ, ಹತ್ತಿ, ಕಡಲೆಗಳಂತಹ ಲಘು ನೀರಾವರಿಯ ಬೆಳೆಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ಯೋಜಿತವಾದದ್ದು. ಕಾಲುವೆಯ ಮೇಲ್ಭಾಗದಲ್ಲಿ ಬತ್ತವು ಹಬ್ಬಿದ್ದರಿಂದ ಮಾನ್ವಿ, ಸಿರವಾರ, ರಾಯಚೂರುಗಳ ಕಡೆಯ ಕೊನೆಯ ಭಾಗದ ರೈತರಿಗೆ ನೀರು ಸರಿಯಾಗಿ ತಲುಪದಾಯಿತು. ಮೇಲ್ಭಾಗದಲ್ಲಿಯೂ ನೀರು ನಿಂತು ಜೌಗು ಹಿಡಿದು ಉಪ್ಪೆದ್ದ ಭೂಮಿಗಳು ಹೆಚ್ಚಿದವು. ಮೊದಲು ಸುಮಾರು ೧೩೩ ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳಿನ ಕಾರಣ ಸುಮಾರು ೧೦೫ ಟಿ.ಎಂ.ಸಿ. ಅಡಿಗೆ ಇಳಿದಿದೆ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ೧೯ನೆಯದು ಕೊಚ್ಚಿಹೋದಾಗ, ಮುಂದಿನ ನೀರು ಏನಾದೀತೆಂದು ಇಡೀ ಅಚ್ಚುಕಟ್ಟೇ ಕಳವಳಪಟ್ಟಿತು. ಒಂದೇ ಕಾಲುವೆ, ಒಂದೇ ಬಗೆಯ ಮಣ್ಣು ಇದ್ದರೂ ಮೇಲಿನ ತೂಬಿನ ಎಕರೆಯೂ ಕೊನೆಯ ತೂಬಿನ ಎಕರೆಯೂ ಸಮವಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಕೊಳ್ಳುವ ಹಕ್ಕು

ಕರ್ಣಾಟಕದಲ್ಲಿ ೧೯೬೧ರ ಭೂಸುಧಾರಣಾ ಕಾಯಿದೆಯ ೭೯-ಎ ಮತ್ತು ೭೯-ಬಿ ಪ್ರಕರಣಗಳನ್ನು ೨೦೨೦ರಲ್ಲಿ ತೆಗೆದುಹಾಕಿದ ಮೇಲೆ, ರೈತನಲ್ಲದವನೂ ವ್ಯವಸಾಯದ ಭೂಮಿಯನ್ನು ಕೊಳ್ಳಬಹುದಾಗಿದೆ. ಇದನ್ನು ನೋಡಿ ಎಲ್ಲ ರಾಜ್ಯಗಳಲ್ಲಿಯೂ ಹೀಗೆಯೇ ಇರುವುದೆಂದು ಭಾವಿಸುವುದು ತಪ್ಪು. ಭೂಮಿಯು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದ್ದರಿಂದ ಒಂದೊಂದು ರಾಜ್ಯದ ಕಟ್ಟಳೆಯೂ ಬೇರೆ ಬೇರೆಯಾಗಿದೆ.

ಮಹಾರಾಷ್ಟ್ರದ ಪಶ್ಚಿಮ ಭಾಗಕ್ಕೆ ಅನ್ವಯಿಸುವ ೧೯೪೮ರ ಗೇಣಿ ಮತ್ತು ವ್ಯವಸಾಯ ಭೂಮಿಗಳ ಕಾಯಿದೆಯ ೬೩ನೆಯ ಪ್ರಕರಣದ ಮೇರೆಗೆ, ರೈತನಲ್ಲದವನಿಗೆ ವ್ಯವಸಾಯದ ಭೂಮಿಯನ್ನು ಅನುಮತಿಯಿಲ್ಲದೆ ಮಾರಕೂಡದು. ಗುಜರಾತಿನಲ್ಲಿಯೂ ಇಂತಹುದೇ ನಿರ್ಬಂಧವಿದೆ. ಗೋವೆಯಲ್ಲಿ ೨೦೨೩ರ ಕಾಯಿದೆಯು ಬತ್ತದ ಭೂಮಿಯನ್ನು ರೈತನಲ್ಲದವನಿಗೆ ಕೊಡುವುದನ್ನು ತಡೆದಿದೆ. ಹಿಮಾಚಲ ಪ್ರದೇಶದಲ್ಲಿ ೧೯೭೨ರ ಕಾಯಿದೆಯ ೧೧೮ನೆಯ ಪ್ರಕರಣದಂತೆ, ಆ ರಾಜ್ಯದ ರೈತನಲ್ಲದವನು ಸರ್ಕಾರದ ಅನುಮತಿಯಿಲ್ಲದೆ ಭೂಮಿಯನ್ನು ಪಡೆಯಲಾರನು. ಆಂಧ್ರಪ್ರದೇಶ, ತಮಿಳುನಾಡುಗಳಲ್ಲಿ ಹೊರಗಿನವನು ಕೊಳ್ಳುವುದಕ್ಕೆ ಇಂತಹ ಸಾಮಾನ್ಯ ತಡೆಯಿಲ್ಲವಾದರೂ ಹಿಡುವಳಿಯ ಗರಿಷ್ಠ ಮಿತಿಯುಂಟು. ಕೇರಳದಲ್ಲಿ ಗರಿಷ್ಠ ಮಿತಿಯಲ್ಲದೆ, ಬತ್ತದ ಗದ್ದೆಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದನ್ನು ತಡೆಯುವ ೨೦೦೮ರ ಕಾಯಿದೆಯೂ ಇದೆ; ಗದ್ದೆಯನ್ನು ಕೊಂಡು ಮಣ್ಣು ತುಂಬಿ ಮನೆ ಕಟ್ಟುವೆನೆಂದು ಎಣಿಸುವವನು ಇದನ್ನು ಮೊದಲೇ ಅರಿತಿರಬೇಕು.

ಈ ಕಟ್ಟಳೆಗಳಿಂದ ಒಂದು ಮುಖ್ಯ ಸೂಚನೆ ದೊರೆಯುವುದು. ಕೆಲವರು ಇಲ್ಲಿಯ ಜಮೀನನ್ನೆಲ್ಲಾ ಮಾರಿ, ಪಹಣಿಯಲ್ಲಿ ತಮ್ಮ ಹೆಸರು ಸಂಪೂರ್ಣವಾಗಿ ತೆಗೆದುಹಾಕಲ್ಪಟ್ಟ ಮೇಲೆ ಬೇರೆ ರಾಜ್ಯಕ್ಕೆ ಹೋಗುವರು. ಅಲ್ಲಿ ರೈತನೆಂಬ ರುಜುವಾತು ಕೇಳಿದಾಗ ತೋರಿಸುವುದಕ್ಕೆ ಅವರ ಬಳಿ ಏನೂ ಉಳಿದಿರುವುದಿಲ್ಲ. ಆದುದರಿಂದ ಹೊಸ ಜಮೀನು ತಮ್ಮ ಹೆಸರಿಗೆ ಖಾತೆಯಾಗುವ ತನಕ ಹಳೆಯ ಊರಿನಲ್ಲಿ ಸ್ವಲ್ಪ ಭೂಮಿಯನ್ನಾದರೂ ಉಳಿಸಿಕೊಳ್ಳುವುದು ಲೇಸು. ಹೊರರಾಜ್ಯದ ಪಹಣಿಯನ್ನು ಅಲ್ಲಿ ಅಂಗೀಕರಿಸುವರೇ ಎಂಬುದನ್ನೂ ಆ ತಾಲ್ಲೂಕಿನ ತಹಶೀಲ್ದಾರರ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಂಡೇ ಮುಂದುವರಿಯತಕ್ಕದ್ದು. ದಲಾಲಿಯ ಬಾಯಿಮಾತು ಇಲ್ಲಿ ಆಧಾರವಾಗಲಾರದು.

ಇದಲ್ಲದೆ, ಮಾರುವವನಿಗೇ ಮಾರುವ ಹಕ್ಕಿಲ್ಲದ ಭೂಮಿಗಳೂ ಉಂಟು. ಆಂಧ್ರಪ್ರದೇಶದಲ್ಲಿ ಭೂಮಿಯಿಲ್ಲದ ಬಡವರಿಗೆ ಸರ್ಕಾರವು ಹಂಚಿಕೊಟ್ಟ ಜಮೀನುಗಳ ಪರಭಾರೆಯನ್ನು ೧೯೭೭ರ ಕಾಯಿದೆಯು ನಿರ್ಬಂಧಿಸಿದೆ. ೨೦೨೩ರಲ್ಲಿ ಕೆಲವು ಸಡಿಲಿಕೆಗಳಾದರೂ ಅವು ಎಲ್ಲ ಜಮೀನುಗಳಿಗೂ ಅನ್ವಯಿಸುವುದಿಲ್ಲ. ಗುಡ್ಡಗಾಡಿನ ಏಜೆನ್ಸಿ ಪ್ರದೇಶಗಳಲ್ಲಿ ಬುಡಕಟ್ಟಿನವರಲ್ಲದವರಿಗೆ ಭೂಮಿಯನ್ನು ಪರಭಾರೆ ಮಾಡುವುದು ೧೯೭೦ರ ಕಟ್ಟಳೆಯಿಂದ ನಿಷಿದ್ಧವಾಗಿದೆ. ತಮಿಳುನಾಡಿನಲ್ಲಿ ಪಂಚಮಿ ಭೂಮಿಯೆಂದು ಕರೆಯಲ್ಪಡುವ, ಹಿಂದೆ ದಲಿತರಿಗೆ ಷರತ್ತಿನ ಮೇಲೆ ಕೊಟ್ಟ ಜಮೀನುಗಳಿವೆ. ದೇವಸ್ಥಾನಗಳ ಜಮೀನುಗಳೂ ಬಹಳವಿವೆ. ಇವು ಪೇಟೆಯಲ್ಲಿ ಇತರ ಭೂಮಿಗಳಿಗಿಂತ ಅಗ್ಗವಾಗಿ ಬರುವುದುಂಟು. ಅಗ್ಗಕ್ಕೆ ಕಾರಣವೇನೆಂದು ಕೇಳದೆ ಕೊಂಡವನು ಭೂಮಿಯನ್ನೂ ಹಣವನ್ನೂ ಕಳೆದುಕೊಳ್ಳುವುದಲ್ಲದೆ, ಬಡವನೊಬ್ಬನ ಆಧಾರವನ್ನು ಕಿತ್ತುಕೊಂಡ ಅಪವಾದಕ್ಕೂ ಗುರಿಯಾಗುವನು. ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ನಿಷೇಧಿತ ಸರ್ವೆ ನಂಬರುಗಳ ಪಟ್ಟಿಯಿರುವುದು. ಅದರಲ್ಲಿ ಹುಡುಕಿ ನೋಡತಕ್ಕದ್ದು.

ಮಳೆ ಮತ್ತು ನೀರು

ಮಳೆಯ ವಿಚಾರದಲ್ಲಿ ಎಷ್ಟು ಬೀಳುವುದೆಂಬುದರಷ್ಟೇ ಯಾವಾಗ ಬೀಳುವುದೆಂಬುದೂ ಮುಖ್ಯ. ಕರ್ಣಾಟಕದ ಬಹುಭಾಗದಲ್ಲಿ ಮುಂಗಾರು ಮಳೆಯೇ ಪ್ರಧಾನ. ತಮಿಳುನಾಡಿನಲ್ಲಾದರೋ ವರ್ಷದ ಮಳೆಯ ಸುಮಾರು ಅರ್ಧಭಾಗವು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ ಬೀಳುವುದು. ಜೂನಿನಲ್ಲಿ ರಾಗಿ ಬಿತ್ತಿ ಅಭ್ಯಾಸವಾದವನು ಅಲ್ಲಿಯ ಬಯಲು ಸೀಮೆಗೆ ಹೋದರೆ ತನ್ನ ಬಿತ್ತನೆಯ ಪಂಚಾಂಗವನ್ನೇ ಬದಲಾಯಿಸಬೇಕಾಗುವುದು. ಅನಂತಪುರದ ಸೀಮೆಯು ಇಡೀ ದೇಶದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು; ಅಲ್ಲಿಯ ವಾರ್ಷಿಕ ಸರಾಸರಿ ಸುಮಾರು ೫೫೦ ಮಿಲಿಮೀಟರು ಮಾತ್ರ. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ, ಹಿಂದೂಪುರಗಳೂ ೨೦೨೨ರವರೆಗೆ ಅನಂತಪುರ ಜಿಲ್ಲೆಯಲ್ಲಿಯೇ ಇದ್ದವು. ಆ ಸೀಮೆಯಲ್ಲಿ ನೆಲಗಡಲೆಯ ಬೇಸಾಯವು ಹೆಚ್ಚಾಗಿ ಮಳೆಯನ್ನೇ ನಂಬಿರುವುದರಿಂದ ಬೆಳೆ ಕೆಡುವ ವರ್ಷಗಳು ವಿರಳವಲ್ಲ. ಗಡಿಯ ಆಚೆ ಕೆಲವೇ ಮೈಲಿಗಳ ದೂರದಲ್ಲಿ ಭೂಮಿಯು ಅಗ್ಗವಾಗಿರುವುದಕ್ಕೆ ರಾಜ್ಯವು ಬೇರೆಯಾಗಿರುವುದಷ್ಟೇ ಕಾರಣವಲ್ಲ. ಒಂದು ವರ್ಷದ ಮಳೆಯನ್ನು ನೋಡಿ ಮೋಸಹೋಗದೆ, ಹತ್ತಿರದ ಮಳೆಮಾಪಕ ಕೇಂದ್ರದ ಹಿಂದಿನ ಹತ್ತಿಪ್ಪತ್ತು ವರ್ಷಗಳ ಲೆಕ್ಕವನ್ನು ತರಿಸಿ, ಅದರಲ್ಲಿ ಎಷ್ಟು ವರ್ಷ ಬಿತ್ತನೆಯ ಕಾಲಕ್ಕೆ ಮಳೆ ತಪ್ಪಿತೆಂಬುದನ್ನು ಎಣಿಸತಕ್ಕದ್ದು.

ಅಂತರ್ಜಲದ ವಿಷಯದಲ್ಲಿ ಕೇಂದ್ರ ಅಂತರ್ಜಲ ಮಂಡಲಿಯವರು ಒಂದೊಂದು ಪ್ರದೇಶವನ್ನೂ ಪರೀಕ್ಷಿಸಿ ವರ್ಗೀಕರಿಸಿರುವರು. ವರ್ಷಕ್ಕೆ ದೊರೆಯತಕ್ಕ ನೀರಿನಲ್ಲಿ ನೂರಕ್ಕೆ ೭೦ ಭಾಗದೊಳಗೆ ಎತ್ತುವ ಪ್ರದೇಶವು ಸುರಕ್ಷಿತವೆಂತಲೂ, ೭೦ರಿಂದ ೯೦ರವರೆಗೆ ಅರೆ ವಿಷಮವೆಂತಲೂ, ೯೦ರಿಂದ ೧೦೦ರವರೆಗೆ ವಿಷಮವೆಂತಲೂ, ೧೦೦ನ್ನು ಮೀರಿದ್ದು ಅತಿಬಳಕೆಯದೆಂತಲೂ ಅವರ ನಿರ್ಣಯ. ಈ ಪಟ್ಟಿಯು ಯಾರಿಗಾದರೂ ದೊರೆಯತಕ್ಕದ್ದು. ಅತಿಬಳಕೆಯ ಪ್ರದೇಶದಲ್ಲಿ ಕೊಳವೆಬಾವಿಯ ಮೇಲೆ ನಂಬಿಕೆಯಿಟ್ಟು ತೋಟಕ್ಕೆ ಭೂಮಿ ಕೊಳ್ಳುವುದು ಜೂಜಿಗೆ ಸಮಾನ.

ಮಾರುವವನು ಬಾವಿಯಲ್ಲಿ ಬೇಕಾದಷ್ಟು ನೀರಿದೆಯೆಂದು ಹೇಳುವುದು ವಾಡಿಕೆ. ಇದನ್ನು ಅಳೆಯುವುದು ಕಷ್ಟವಲ್ಲ. ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಮೋಟಾರನ್ನು ಸತತವಾಗಿ ಆರೇಳು ಗಂಟೆಗಳ ಕಾಲ ನಡೆಸಿ, ಕೊನೆಯ ಗಂಟೆಯಲ್ಲಿ ೨೦೦ ಲೀಟರಿನ ಒಂದು ಡ್ರಮ್ಮು ತುಂಬುವುದಕ್ಕೆ ಎಷ್ಟು ಸೆಕೆಂಡು ಹಿಡಿಯುವುದೆಂದು ನೋಡತಕ್ಕದ್ದು. ಉದಾಹರಣೆಗೆ ೫೦ ಸೆಕೆಂಡು ಹಿಡಿದಲ್ಲಿ ಗಂಟೆಗೆ ೧೪,೪೦೦ ಲೀಟರು ಬಂದಂತಾಯಿತು. ಒಂದು ಎಕರೆಗೆ ೫ ಸೆಂಟಿಮೀಟರು ಆಳ ನೀರು ನಿಲ್ಲುವಂತೆ ಹಾಯಿಸಲು ಸುಮಾರು ೨ ಲಕ್ಷ ಲೀಟರು ಬೇಕು. ಎಂದರೆ ೧೪ ಗಂಟೆಗಳ ಕೆಲಸ. ವಿದ್ಯುಚ್ಛಕ್ತಿಯು ದಿನಕ್ಕೆ ೭ ಗಂಟೆಗಳ ಕಾಲ ದೊರೆತರೆ ಒಂದು ಎಕರೆಗೆ ಎರಡು ದಿನಗಳು ಬೇಕಾಗುವುವು. ಎಂಟು ದಿನಕ್ಕೊಮ್ಮೆ ನೀರು ಕೊಡಬೇಕಾದ ಬೆಳೆಯಾದರೆ ಆ ಬಾವಿಯಿಂದ ಹಾಯಿಸಬಹುದಾದದ್ದು ನಾಲ್ಕು ಎಕರೆ ಮಾತ್ರ. ಡ್ರಮ್ಮು ತುಂಬುವುದಕ್ಕೆ ೧೦೦ ಸೆಕೆಂಡು ಹಿಡಿದರೆ ಎರಡೇ ಎಕರೆ. ಹನಿ ನೀರಾವರಿಯಿಂದ ಈ ವಿಸ್ತೀರ್ಣವು ಹೆಚ್ಚುವುದು ನಿಜ. ಆದರೆ ಹತ್ತು ಎಕರೆ ನೀರಾವರಿಯೆಂದು ಹೇಳಿ ಬೆಲೆ ಕಟ್ಟಿದ ಜಮೀನಿನಲ್ಲಿ ಎರಡು ಎಕರೆಯ ನೀರು ಮಾತ್ರ ಇದ್ದರೆ, ಮಿಕ್ಕ ಎಂಟು ಎಕರೆಗೆ ಖುಷ್ಕಿಯ ಬೆಲೆಯನ್ನೇ ಕೊಡತಕ್ಕದ್ದು.

ನೀರಿನ ಗುಣವನ್ನೂ ಪರೀಕ್ಷಿಸಬೇಕು. ಬಾವಿಯ ನೀರನ್ನು ಒಂದು ಶುಭ್ರವಾದ ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸಿದರೆ ಅದರಲ್ಲಿರುವ ಲವಣದ ಪ್ರಮಾಣವು ತಿಳಿಯುವುದು. ವಿದ್ಯುದ್ವಾಹಕತೆಯು ೨.೨೫ ಡೆಸಿಸೀಮೆನ್ಸನ್ನು ಮೀರಿದ ನೀರು ಬಹುತೇಕ ಬೆಳೆಗಳಿಗೆ ಒಗ್ಗದು. ಉಳಿಕೆ ಸೋಡಿಯಂ ಕಾರ್ಬೊನೇಟು ಲೀಟರಿಗೆ ೨.೫ ಮಿಲಿಸಮಾನಾಂಕವನ್ನು ಮೀರಿದ್ದರೆ ಅಂತಹ ನೀರು ಒಳ್ಳೆಯ ಮಣ್ಣನ್ನೂ ಕೆಲವು ವರ್ಷಗಳಲ್ಲಿ ಚೌಳು ಮಾಡುವುದು.

ಮಣ್ಣು

ಕೆಂಪು ಮಣ್ಣಿನಲ್ಲಿ ಬೇಸಾಯ ಮಾಡಿದವನಿಗೆ ಎರೆಯ ಭೂಮಿಯು ಹೊಸ ವಿದ್ಯೆಯೇ ಸರಿ. ಕೆಂಪು ಮಣ್ಣಿನಲ್ಲಿ ಮಳೆ ನಿಂತ ಮಾರನೆಯ ದಿನವೇ ಆರು ಕಟ್ಟಬಹುದು. ಎರೆಯಲ್ಲಿ ಎತ್ತಿನ ಕಾಲೂ ಟ್ರಾಕ್ಟರಿನ ಚಕ್ರವೂ ಹೂತುಹೋಗುವುದರಿಂದ ಹಲವು ದಿನಗಳ ಕಾಲ ಹೊಲಕ್ಕೆ ಇಳಿಯುವುದೇ ಆಗದು. ಆದರೆ ಎರೆಯು ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಹಿಂಗಾರಿನ ಜೋಳವೂ ಕಡಲೆಯೂ ಆ ತೇವದಲ್ಲಿಯೇ ಫಲ ಕೊಡುವುವು. ಯಾವ ಮಣ್ಣೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಕೊಳ್ಳುವವನು ಬಲ್ಲ ಬೇಸಾಯಕ್ಕೆ ಅದು ಹೊಂದುವುದೇ ಎಂಬುದೇ ಪ್ರಶ್ನೆ.

ಮಣ್ಣಿನ ಪರೀಕ್ಷೆಗೆ, ಒಂದೇ ತೆರನಾಗಿ ಕಾಣುವ ಜಮೀನಿನ ಹತ್ತು ಹದಿನೈದು ಕಡೆಗಳಲ್ಲಿ ಮೇಲಿನ ಕಸವನ್ನು ಸರಿಸಿ, ೧೫ ಸೆಂಟಿಮೀಟರು ಆಳಕ್ಕೆ ನೇಗಿಲ ಸಾಲಿನಾಕಾರದ ಗುಣಿಯನ್ನು ತೋಡಿ, ಅದರ ಪಕ್ಕದಿಂದ ಸಮನಾದ ಪದರವನ್ನು ಕೆರೆದು ಕೂಡಿಸತಕ್ಕದ್ದು. ಈ ಮಣ್ಣನ್ನೆಲ್ಲಾ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಇಟ್ಟುಕೊಳ್ಳುತ್ತಾ ಅರ್ಧ ಕಿಲೋ ಉಳಿಯುವ ತನಕ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ ಕಳುಹಿಸತಕ್ಕದ್ದು. ಬದುವಿನ ಬಳಿ, ಮರದ ಕೆಳಗೆ, ತಿಪ್ಪೆಯ ಪಕ್ಕದಲ್ಲಿ ಮಣ್ಣನ್ನು ತೆಗೆಯಬಾರದು. ರಸಸಾರವು ೬.೫ರಿಂದ ೭.೫ರವರೆಗೆ ಇದ್ದರೆ ಬಹುತೇಕ ಬೆಳೆಗಳಿಗೆ ಅನುಕೂಲ. ೮.೫ನ್ನು ಮೀರಿದ್ದರೆ ಕ್ಷಾರ ಭೂಮಿಯ ಸಂಶಯ ಪಡಬೇಕು. ಅದನ್ನು ಸರಿಪಡಿಸುವುದಕ್ಕೆ ಜಿಪ್ಸಮ್ಮು, ಹಸಿರೆಲೆಗೊಬ್ಬರ, ನೀರು ಬಸಿದುಹೋಗಲು ಕಾಲುವೆ, ಇವೆಲ್ಲಕ್ಕೂ ಖರ್ಚು ತಗಲುವುದು. ತೋಟವಿಡುವ ಉದ್ದೇಶವಿದ್ದಲ್ಲಿ ಇಷ್ಟೇ ಸಾಲದು. ನಾಲ್ಕೈದು ಕಡೆ ಮೂರು ನಾಲ್ಕು ಅಡಿಯ ಗುಂಡಿಯನ್ನು ತೋಡಿಸಿ, ಕೆಳಗೆ ಕಲ್ಲು, ಸುಣ್ಣದ ಹರಳು, ಗಟ್ಟಿ ಜೇಡಿ ಏನಿದೆಯೆಂದು ಕಣ್ಣಾರೆ ನೋಡತಕ್ಕದ್ದು.

ಕಣ್ಣಿಗೆ ಕಾಣುವ ಗುರುತುಗಳೂ ಉಂಟು. ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯ ಪುಡಿ ಎದ್ದಿದ್ದರೆ, ಬಳ್ಳಾರಿ ಜಾಲಿ ಮಾತ್ರ ಹುಲುಸಾಗಿದ್ದು ಸುತ್ತಲೂ ಬೆಳೆಯು ತೇಪೆ ತೇಪೆಯಾಗಿದ್ದರೆ, ಉಪ್ಪಿನ ಸಂಶಯ ಪಡಬೇಕು. ಆದಕಾರಣ ಜಮೀನನ್ನು ಎರಡು ಸಲ ನೋಡತಕ್ಕದ್ದು: ಕಡು ಬೇಸಗೆಯಲ್ಲಿ ಒಮ್ಮೆ, ದೊಡ್ಡ ಮಳೆ ಬಿದ್ದ ಮಾರನೆಯ ದಿನ ಒಮ್ಮೆ. ಮೊದಲನೆಯದರಿಂದ ನೀರಿನ ಕೊರತೆಯೂ ಉಪ್ಪೂ, ಎರಡನೆಯದರಿಂದ ಕೊಚ್ಚಣೆಯೂ ಜೌಗೂ ದಾರಿಯ ಸ್ಥಿತಿಯೂ ತಿಳಿಯುವುವು. ಪೈರು ಹಸಿರಾಗಿರುವ ಚಳಿಗಾಲದಲ್ಲಿ ಮಾತ್ರ ನೋಡಿ ಮುಂಗಡ ಕೊಡುವುದು ಅಪಾಯಕರ.

ಅಳತೆ ಮತ್ತು ದಾಖಲೆ

ಕರ್ಣಾಟಕದಲ್ಲಿ ಎಕರೆಗೆ ೪೦ ಗುಂಟೆ. ಆಂಧ್ರಪ್ರದೇಶ, ತಮಿಳುನಾಡು, ಕೇರಳಗಳಲ್ಲಿ ಎಕರೆಗೆ ೧೦೦ ಸೆಂಟು. ಎಂದರೆ ಒಂದು ಗುಂಟೆಯು ಎರಡೂವರೆ ಸೆಂಟಿಗೆ ಸಮ. ಮಹಾರಾಷ್ಟ್ರದ ದಾಖಲೆಗಳಲ್ಲಿ ಹೆಕ್ಟೇರು ಮತ್ತು ಆರ್ ಎಂದು ಬರೆಯುವರು. ಒಂದು ಹೆಕ್ಟೇರಿಗೆ ೧೦೦ ಆರ್, ಸುಮಾರು ೨ ಎಕರೆ ೧೯ ಗುಂಟೆ. ದಾಖಲೆಯಲ್ಲಿ ೨-೫೦ ಎಂದಿದ್ದರೆ ಅದು ಎರಡೂವರೆ ಎಕರೆಯೋ ಎರಡೂವರೆ ಹೆಕ್ಟೇರೋ ಎಂಬುದನ್ನು ತಿಳಿಯದೆ ಲೆಕ್ಕ ಹಾಕಿದವನು ಮೊದಲ ಹೆಜ್ಜೆಯಲ್ಲಿಯೇ ಎಡವುವನು.

ದಾಖಲೆಗಳ ಹೆಸರೂ ಬೇರೆ. ಇಲ್ಲಿ ಪಹಣಿ, ಮ್ಯುಟೇಷನ್, ಟಿಪ್ಪಣಿ, ಆಕಾರಬಂದ್ ಎಂದಿರುವುವು. ಆಂಧ್ರಪ್ರದೇಶದಲ್ಲಿ ಅಡಂಗಲ್, ೧-ಬಿ ಮತ್ತು ಪಟ್ಟಾದಾರು ಪಾಸ್‌ಪುಸ್ತಕ. ತಮಿಳುನಾಡಿನಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್. ಮಹಾರಾಷ್ಟ್ರದಲ್ಲಿ ಸಾತ್‌ಬಾರಾ, ೮-ಅ ಮತ್ತು ಫೇರ್‌ಫಾರ್. ಇವೆಲ್ಲವೂ ಆಯಾ ಭಾಷೆಯಲ್ಲಿಯೇ ಇರುವುದರಿಂದ ಮಾರುವವನಾಗಲಿ ದಲಾಲಿಯಾಗಲಿ ಓದಿ ಹೇಳಿದ್ದನ್ನು ನಂಬದೆ, ಆ ಭಾಷೆಯನ್ನು ಬಲ್ಲ ಮತ್ತು ಆ ವ್ಯವಹಾರದಲ್ಲಿ ಯಾವ ಲಾಭವೂ ಇಲ್ಲದ ವಕೀಲರಿಂದ ಓದಿಸತಕ್ಕದ್ದು. ಕನಿಷ್ಠ ಪಕ್ಷ ಹಿಂದಿನ ೩೦ ವರ್ಷಗಳ ಋಣಭಾರ ಪತ್ರವನ್ನು ತೆಗೆಸಬೇಕು. ಪತ್ರವು ರಿಜಿಸ್ಟರಾಗುವುದೇ ಹಕ್ಕಿನ ಖಾತರಿಯೆಂದು ಅನೇಕರು ತಿಳಿದಿರುವರು. ೧೯೦೮ರ ರಿಜಿಸ್ಟ್ರೇಷನ್ ಕಾಯಿದೆಯ ಮೇರೆಗೆ ಪತ್ರವು ದಾಖಲಾಗುವುದೇ ಹೊರತು, ಮಾರಿದವನಿಗೆ ಹಕ್ಕಿತ್ತೆಂದು ಸರ್ಕಾರವು ಹೊಣೆ ಹೊರುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಾದಲ್ಲಿ ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕುಂಟು. ಮದುವೆಯಾಗಿ ದೂರದ ಊರಿಗೆ ಹೋದ ಸೋದರಿಯ ರುಜುವಿಲ್ಲದೆ ಅಣ್ಣತಮ್ಮಂದಿರು ಮಾರಿದ ಜಮೀನು ವ್ಯಾಜ್ಯಕ್ಕೆ ಈಡಾಗುವುದು ಸಾಮಾನ್ಯ. ಅಧಿಕಾರಪತ್ರದ ಮೂಲಕ ಮಾತ್ರ ನಡೆಯುವ ಕ್ರಯವು ಸ್ವಾಮ್ಯವನ್ನು ವರ್ಗಾಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಸ್ಪಷ್ಟಪಡಿಸಿದೆ. ಕೊನೆಯದಾಗಿ, ಕಾಗದದ ಮೇಲಿರುವ ಜಮೀನೂ ಕಾಲ ಕೆಳಗಿರುವ ಜಮೀನೂ ಒಂದೇ ಎಂಬುದನ್ನು ಸರ್ಕಾರಿ ಸರ್ವೇಯರರಿಂದ ಹದ್ದುಬಸ್ತು ಮಾಡಿಸಿ, ಅಕ್ಕಪಕ್ಕದ ರೈತರ ಎದುರಿನಲ್ಲಿಯೇ ದೃಢಪಡಿಸಿಕೊಳ್ಳತಕ್ಕದ್ದು. ಹೊಲಕ್ಕೆ ಹೋಗುವ ದಾರಿಯು ನಕ್ಷೆಯಲ್ಲಿದೆಯೇ, ನೆರೆಯವನ ದಾಕ್ಷಿಣ್ಯದಿಂದ ನಡೆಯುತ್ತಿದೆಯೇ ಎಂಬುದೂ ಆಗಲೇ ತಿಳಿದುಹೋಗುವುದು.

ಮಾರುಕಟ್ಟೆ, ಆಳು, ನೆರೆಹೊರೆ

ಬೆಂಗಳೂರು, ಕೋಲಾರ, ಮಂಡ್ಯ, ಹಾಸನ ಕಡೆಗಳ ರೈತಕುಟುಂಬಕ್ಕೆ ಹಾಲಿನ ಸಂಘವು ವಾರವಾರದ ಖರ್ಚಿಗೆ ಆಧಾರವಾಗಿದೆ. ಹೊಸ ಊರಿನಲ್ಲಿ ಇಂತಹ ಸಂಘವಿಲ್ಲದಿದ್ದರೆ ಎರಡು ಹಸುಗಳನ್ನು ಕಟ್ಟಿ ಮನೆ ನಡೆಸುತ್ತಿದ್ದ ಗೃಹಿಣಿಯ ಲೆಕ್ಕವೆಲ್ಲಾ ತಪ್ಪುವುದು. ತರಕಾರಿ, ಹೂವು, ರೇಷ್ಮೆಗೂಡು ಇವುಗಳಿಗೂ ಇದೇ ಮಾತು ಅನ್ವಯಿಸುವುದು. ಮಾರುಕಟ್ಟೆಯು ದೂರವಾದಷ್ಟೂ ಬಾಡಿಗೆಯೂ ಕೊಳೆಯುವ ನಷ್ಟವೂ ಹೆಚ್ಚುವುವು. ಬಿತ್ತನೆ, ಕಳೆ, ಕುಯ್ಲುಗಳ ಕಾಲದಲ್ಲಿ ಆಳುಗಳು ದೊರೆಯುವರೇ, ಕೂಲಿ ಎಷ್ಟು, ಯಂತ್ರಗಳು ಬಾಡಿಗೆಗೆ ಸಿಕ್ಕುವುವೇ ಎಂಬುದನ್ನು ಅಲ್ಲಿಯ ರೈತರಿಂದ ಕೇಳಿ ತಿಳಿಯತಕ್ಕದ್ದು. ಆನೆ, ಕಾಡುಹಂದಿ, ಜಿಂಕೆಗಳ ಕಾಟವು ಕಾಡಿನಂಚಿನ ತಾಳವಾಡಿ, ಡೆಂಕಣಿಕೋಟೆಗಳ ಕಡೆ ಸಣ್ಣ ವಿಚಾರವಲ್ಲ. ರಾತ್ರಿ ಕಾವಲಿನ ಮಂಚಿಕೆಗಳು ಹೊಲಹೊಲದಲ್ಲಿಯೂ ಕಂಡರೆ ಕಾರಣವನ್ನು ಕೇಳದೆ ಬರಬಾರದು.

ಶಾಲೆಯಲ್ಲಿ ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕಾಗುವುದು, ಆಸ್ಪತ್ರೆ ಎಷ್ಟು ದೂರ, ಬ್ಯಾಂಕಿನವರು ಹೊಸ ಖಾತೆದಾರನಿಗೆ ಬೆಳೆಸಾಲ ಕೊಡುವರೇ, ಇವೂ ಬೇಸಾಯಕ್ಕೆ ಸಂಬಂಧಿಸಿದ ಪ್ರಶ್ನೆಗಳೇ. ಗಂಡಸರು ಮಾತ್ರ ಹೋಗಿ ನೋಡಿ ಬರುವುದು ವಾಡಿಕೆಯಾದರೂ, ಮನೆಯ ಹೆಂಗಸರೂ ಒಮ್ಮೆ ಹೋಗಿ ಕುಡಿಯುವ ನೀರು, ಸೌದೆಸರಂಜಾಮು, ನೆರೆಹೊರೆಗಳನ್ನು ನೋಡಿ ಒಪ್ಪಿದ ಮೇಲೆಯೇ ನಿರ್ಧರಿಸುವುದು ಉಚಿತ. ಮನೆಯವರಿಗೆ ಒಗ್ಗದ ಊರಿನಲ್ಲಿ ಬೇಸಾಯವು ಬಹುಕಾಲ ನಿಲ್ಲುವುದಿಲ್ಲ.

ಅವಸರವೇ ಮೊದಲ ಶತ್ರು

ಪಟ್ಟಣದ ಎಲ್ಲೆಗೆ ಸಮೀಪದ ಜಮೀನನ್ನು ಮಾರಿದವರಲ್ಲಿ ಅನೇಕರು ಆದಾಯತೆರಿಗೆಯ ಭಯದಿಂದ ಅವಸರ ಪಡುವರು. ಅಂತಹ ಜಮೀನು ಮಾರಾಟಕ್ಕೆ ಮುಂಚಿನ ಎರಡು ವರ್ಷ ವ್ಯವಸಾಯದಲ್ಲಿದ್ದು, ಮಾರಿದ ಎರಡು ವರ್ಷಗಳೊಳಗೆ ಬೇರೆ ವ್ಯವಸಾಯದ ಭೂಮಿಯನ್ನು ಕೊಂಡಲ್ಲಿ ಲಾಭದ ಮೇಲಣ ತೆರಿಗೆಯಿಂದ ವಿನಾಯಿತಿ ದೊರೆಯುವುದು ನಿಜ. ಆದರೆ ತೆರಿಗೆಯ ಲೆಕ್ಕವನ್ನು ಒಪ್ಪಿಸುವ ಗಡುವಿನೊಳಗೆ ಆ ಹಣವನ್ನು ಬ್ಯಾಂಕಿನ ಬಂಡವಳ ಲಾಭದ ಖಾತೆಯಲ್ಲಿ ಇಟ್ಟರೆ, ಎರಡು ವರ್ಷಗಳ ಕಾಲಾವಕಾಶವನ್ನು ಪೂರ್ಣವಾಗಿ ಉಪಯೋಗಿಸಿಕೊಳ್ಳಬಹುದು. ಎರಡು ವರ್ಷಗಳೆಂದರೆ ಎರಡು ಬೇಸಗೆ, ಎರಡು ಮಳೆಗಾಲ. ಮೇಲೆ ಹೇಳಿದ ಪರೀಕ್ಷೆಗಳಿಗೆಲ್ಲಾ ಇದು ಧಾರಾಳವಾಗಿ ಸಾಕು. ಈ ವಿಷಯವನ್ನು ಜಮೀನನ್ನು ಮಾರುವುದಕ್ಕೆ ಮುಂಚೆಯೇ ಲೆಕ್ಕ ಬಲ್ಲವರಲ್ಲಿ ವಿಚಾರಿಸತಕ್ಕದ್ದು.

ಸಾಧ್ಯವಾದಲ್ಲಿ ಕೊಳ್ಳುವುದಕ್ಕೆ ಮುಂಚೆ ಆ ಊರಿನಲ್ಲಿ ಒಂದು ವರ್ಷ ಸಾಗುವಳಿ ಮಾಡಿ ನೋಡುವುದು ಎಲ್ಲಕ್ಕಿಂತ ಉತ್ತಮವಾದ ಪರೀಕ್ಷೆ. ಕೇರಳದ ಶುಂಠಿ ಬೆಳೆಗಾರರು ಮೈಸೂರು, ಚಾಮರಾಜನಗರ, ಕೊಡಗು, ಶಿವಮೊಗ್ಗ ಕಡೆಗಳಲ್ಲಿ ಭೂಮಿಯನ್ನು ಕೊಳ್ಳದೆ, ಗುತ್ತಿಗೆಗೆ ಹಿಡಿದು ಬೆಳೆಯುವ ಪದ್ಧತಿಯನ್ನು ಎಲ್ಲರೂ ಕಂಡಿರುವರು. ಗೆಡ್ಡೆ ಕೊಳೆ ರೋಗದ ಕಾರಣ ಒಂದೇ ನೆಲದಲ್ಲಿ ಶುಂಠಿಯನ್ನು ಮೇಲಿಂದ ಮೇಲೆ ಹಾಕಲಾಗದೆಂಬುದನ್ನು ಅರಿತು ಅವರು ನೆಲವನ್ನು ಬದಲಾಯಿಸುತ್ತಾ ಹೋಗುವರು. ಬೆಳೆ ಕೆಟ್ಟರೂ ಮೂಲ ಬಂಡವಳವೆಲ್ಲಾ ಪರಸ್ಥಳದ ಮಣ್ಣಿನಲ್ಲಿ ಹೂತುಹೋಗುವುದಿಲ್ಲ. ಆದರೆ ಗುತ್ತಿಗೆಯ ಕಟ್ಟಳೆಯೂ ರಾಜ್ಯರಾಜ್ಯಕ್ಕೆ ಬೇರೆಯೆಂಬುದನ್ನು ಮರೆಯಬಾರದು. ಕರ್ಣಾಟಕದಲ್ಲಿ ೧೯೭೪ರ ತಿದ್ದುಪಡಿಯ ತರುವಾಯ ವ್ಯವಸಾಯದ ಭೂಮಿಯನ್ನು ಗೇಣಿಗೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧವಾಗಿರುವುದರಿಂದ ಇಂತಹ ಒಪ್ಪಂದಗಳಿಗೆ ಕಾಯಿದೆಯ ಬಲವು ಕಡಿಮೆ. ಆಂಧ್ರಪ್ರದೇಶದಲ್ಲಿ ೨೦೧೯ರ ಸಾಗುವಳಿದಾರರ ಹಕ್ಕಿನ ಕಾಯಿದೆಯು ಹನ್ನೊಂದು ತಿಂಗಳ ಒಪ್ಪಂದಕ್ಕೆ ಅವಕಾಶ ಕೊಟ್ಟಿದೆ. ಗುತ್ತಿಗೆಯು ಅನುಕೂಲಿಸದ ಕಡೆ, ಒಂದು ಬೆಳೆಯ ಕಾಲ ಆ ಊರಿನಲ್ಲಿಯೇ ಬಾಡಿಗೆಗೆ ಇದ್ದು ನೆರೆಯವರ ಹೊಲಗಳಲ್ಲಿ ನಡೆಯುವ ಕೆಲಸವನ್ನು ನೋಡಿದರೂ ಬಹಳ ಸಂಗತಿ ತಿಳಿಯುವುದು.

ಹಣದ ವಿನಿಯೋಗದಲ್ಲಿಯೂ ಮಿತಿಯಿರಬೇಕು.

ಕೈಯಲ್ಲಿರುವ ಹಣವನ್ನೆಲ್ಲಾ ಎಕರೆಗಳಿಗೆ ಸುರಿದವನು ಬಾವಿಗೂ ಬೇಲಿಗೂ ದನಗಳಿಗೂ ಸಾಲ ಮಾಡಬೇಕಾಗುವುದು. ಹಣದ ಅರ್ಧಭಾಗದಿಂದ ಮೂರರಲ್ಲಿ ಎರಡು ಭಾಗದವರೆಗೆ ಮಾತ್ರ ಭೂಮಿಗೆ ಹಾಕಿ, ಮಿಕ್ಕದ್ದರಲ್ಲಿ ಸ್ಟಾಂಪು ಮತ್ತು ರಿಜಿಸ್ಟ್ರಿ ಖರ್ಚು, ನೀರಾವರಿ, ಮನೆ, ದನಗಳು ಇವುಗಳಿಗೂ, ಎರಡು ಬೆಳೆ ಕೆಟ್ಟರೂ ಮನೆ ನಡೆಯುವಷ್ಟು ಮೀಸಲಿಗೂ ತೆಗೆದಿಡುವುದು ಜಾಣತನ. ನೀರುಳ್ಳ ಐದು ಎಕರೆಯೂ ಕೈಯಲ್ಲಿ ಮೀಸಲು ಹಣವೂ ಇರುವ ರೈತನು, ನೀರಿಲ್ಲದ ಇಪ್ಪತ್ತು ಎಕರೆಯೂ ಸಾಲವೂ ಇರುವವನಿಗಿಂತ ದೊಡ್ಡ ಹಿಡುವಳಿದಾರನೇ ಸರಿ.

ಪ್ರತಿಯೊಂದು ರಾಜ್ಯದಲ್ಲಿಯೂ ಜಿಲ್ಲೆಗೊಂದರಂತೆ ಕೃಷಿ ವಿಜ್ಞಾನ ಕೇಂದ್ರಗಳಿರುವುವು. ಜಮೀನನ್ನು ನೋಡಲು ಹೋದವರು ದಲಾಲಿಯ ಮನೆಗೆ ಹೋಗುವುದಕ್ಕೆ ಮುಂಚೆ ಅಲ್ಲಿಗೆ ಹೋಗಿ, ಆ ಊರಿನ ಮಣ್ಣು, ಮಳೆ, ಬೆಳೆ, ರೋಗಗಳ ವಿಚಾರವನ್ನು ಕೇಳತಕ್ಕದ್ದು. ಮಣ್ಣನ್ನೂ ನೀರನ್ನೂ ಪರೀಕ್ಷಿಸುವ ಕ್ರಮವನ್ನು ಹೊರಡುವುದಕ್ಕೆ ಮುಂಚೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತಿಳಿದುಕೊಂಡು ಹೋಗಬಹುದು. ಈ ಪರೀಕ್ಷೆಗಳಿಗೆ ತಗಲುವ ಖರ್ಚು ಒಂದು ಗುಂಟೆಯ ಬೆಲೆಯಷ್ಟೂ ಆಗಲಾರದು. ಇವೆಲ್ಲವನ್ನೂ ನೋಡಿದ ಮೇಲೆ ಜಮೀನು ಒಪ್ಪಿಗೆಯಾಗದಿದ್ದರೆ ಕೊಳ್ಳದೆ ಹಿಂದಿರುಗುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಹಣವು ಬ್ಯಾಂಕಿನಲ್ಲಿ ಸುರಕ್ಷಿತವಾಗಿರುವ ತನಕ ಮತ್ತೊಂದು ಊರನ್ನು ನೋಡುವ ಅವಕಾಶವು ಇದ್ದೇ ಇರುವುದು.